ಕಾಪುವಿನಾಚೆಯ ಚುಕ್ಕಿ

ಹೆಜಮಾಡಿಯಿಂದ ಮೀನಿಗೆ ಹೋದ ಅಣ್ಣುವಿನ ಬೋಟು ಎರಡು ದಿನವಾದರೂ ಮರಳಿರಲಿಲ್ಲ. ಮಣಿಪಾಲದ ಕಾಲೇಜೊಂದರ ಮೇಲ್ಮಹಡಿಯಲ್ಲಿ ಅವರ ಸೋದರಳಿಯ ಜಿತೇಶ್ ಮತ್ತು ಸಹಪಾಠಿ ಸವಿತಾ ತಮ್ಮ ಪುಟ್ಟ ಉಪಗ್ರಹದ ದಾರಿ ಕಾಯುತ್ತಿದ್ದರು. ವಿದ್ಯಾರ್ಥಿಗಳೇ ಕಟ್ಟಿದ್ದು ಅದು. ತಲೆಯ ಮೇಲೆ ಹಾದುಹೋಗುವ ಕೆಲವೇ ನಿಮಿಷ ಅದರ ಸಂಕೇತ ಸಿಗುತ್ತಿತ್ತು. ಅಷ್ಟರಲ್ಲಿ ಇಡೀ ಚಿತ್ರ ಇಳಿಯದು. ಗಾತ್ರ ತಗ್ಗಿಸಲು ಸಣ್ಣ ವಿವರಗಳನ್ನು ಬಿಟ್ಟರೆ, ಎರಡು ಚುಕ್ಕಿಯಷ್ಟೇ ಇರುವ ಬೋಟು ಮೊದಲು ಮಾಯವಾಗುತ್ತದೆ. ಅದಕ್ಕೇ ಸವಿತಾ ಏನೂ ನಷ್ಟವಾಗದ ವಿಧಾನ ಮಾಡಿದ್ದಳು. ಇದೇ ಕಡಲಿನ ಹಳೆಯ ಚಿತ್ರವೊಂದು ಉಪಗ್ರಹದಲ್ಲೂ ಕೆಳಗಿನ ಕಂಪ್ಯೂಟರಿನಲ್ಲೂ ಇರುತ್ತದೆ. ಉಪಗ್ರಹ ಕಳುಹಿಸುವುದು ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ. ಕೆಳಗೆ ಕೂಡಿಸಿದರೆ ಹೊಸ ಚಿತ್ರ.

ಬೆಳಗಿನ ಸುತ್ತಿನಲ್ಲಿ ವ್ಯತ್ಯಾಸವೆಲ್ಲ ಇಳಿಯಿತು. ಚಿತ್ರ ಸರಿಯೇ ಎಂದು ತಾಳೆ ನೋಡುವ ಕೊನೆಯ ತುಣುಕು ಮುಂದಿನ ಸುತ್ತಿಗೆ ಉಳಿಯಿತು.

ಪರದೆಯಲ್ಲಿ, ಕಾಪು ಕಡಲತೀರದ ಪಶ್ಚಿಮಕ್ಕೆ, ಎರಡು ಬಿಳಿ ಚುಕ್ಕಿ.

"ಬೋಟು ಉಂಟು ಮಾರಾಯ್ತಿ."

"ಕೊನೆಯ ತುಂಡು ಬರಲಿ, ಜಿತೇಶ್."

"ಅಲ್ಲಿವರೆಗೆ ಮಾವ ತೇಲ್ತಾ ಇರಬೇಕಾ? ನಿನ್ನ ಪರೀಕ್ಷೆ ಆಮೇಲೆ ಮಾಡು." ಅವನು ಅಣ್ಣುವಿನ ಹೆಂಡತಿ ಕುಶಲಾಗೆ ಫೋನ್ ಮಾಡಿದ. "ಅತ್ತೆ, ಕಂಡಿತು. ಕಾಪುವಿನ ಪಶ್ಚಿಮಕ್ಕೆ, ದಡದ ಕಡೆಗೇ ಬರ್ತಾ ಉಂಟು."

ದಕ್ಷಿಣದಲ್ಲಿ ಅಣ್ಣುವನ್ನು ಹುಡುಕುತ್ತಿದ್ದ ಬೋಟುಗಳು ಕಾಪುವಿನತ್ತ ತಿರುಗಿದವು.

ಸವಿತಾ ಚಿತ್ರವನ್ನು ಹಿಗ್ಗಿಸಿದಳು. ದಡಕ್ಕೆ ಎರಡು ಅಂಚುಗಳಿದ್ದವು. ಮೋಡವಿರದ ಕಡೆ ಮೋಡದ ಆಕಾರದ ಕಪ್ಪು. ಚುಕ್ಕಿಗಳ ಹಿಂದೆ ನೊರೆಯ ಮಸುಕು ಗೆರೆ. ಎಂಜಿನ್ ಓಡುತ್ತಿರುವ ಬೋಟು ಎರಡು ದಿನ ಯಾಕೆ ಮನೆಗೆ ಬರಲಿಲ್ಲ?

ಮುಂದಿನ ಸುತ್ತಿನಲ್ಲಿ ಬಂದ ತುಣುಕು ಚಿತ್ರಕ್ಕೆ ತಾಳೆಯಾಗಲಿಲ್ಲ.

"ಇಲ್ಲಿರುವ ಹಳೆಯ ಚಿತ್ರ ಬದಲಾಯಿಸಿದ್ದೀಯಾ?"

"ಕಳೆದ ವಾರ. ಮೇಲಕ್ಕೂ ಕಳಿಸಿದ್ದೆ. ಉಪಗ್ರಹ ತಗೊಳ್ಳಲಿಲ್ವಾ ಎಂತ."

"ಇದ್ದದ್ದಕ್ಕೆ ಎಂತ ಆಗಿತ್ತು?"

"ಹೊಸದರಲ್ಲಿ ಮಾವನ ಬೋಟು ಉಂಟಲ್ಲ." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆ ದಿನ ಮಾವನನ್ನೇ ಫೋನಲ್ಲಿ ಕೇಳಿ ಗುರುತು ಹಿಡಿದದ್ದು. ದಿನಾ ನೋಡಬಹುದು ಅಂತ..."

ಸವಿತಾ ಉಪಗ್ರಹದಲ್ಲಿ ಇನ್ನೂ ಇದ್ದ ಹಳೆಯ ಚಿತ್ರವನ್ನೇ ಇಟ್ಟು ವ್ಯತ್ಯಾಸವನ್ನು ಮತ್ತೆ ಕೂಡಿಸಿದಳು. ಈಗ ತಾಳೆಯಾಯಿತು. ಎರಡನೆಯ ದಡ ಹೋಯಿತು, ಕಪ್ಪು ಮೋಡ ಹೋಯಿತು. ಹುಡುಕುವ ಬೋಟುಗಳ ಚುಕ್ಕಿಗಳು ದಕ್ಷಿಣದ ಮೂಲೆಯಲ್ಲಿದ್ದವು. ಕಾಪುವಿನ ಪಶ್ಚಿಮಕ್ಕೆ ಬರೀ ನೀರು.

ಜಿತೇಶನ ಫೋನ್ ರಿಂಗಾಯಿತು. ಅವನು ಮುಟ್ಟಲಿಲ್ಲ. ಸವಿತಾ ಎತ್ತಿದಳು.

"ಅಲ್ಲಿಗೆ ಮುಟ್ಟಿದ್ದಾರಂತೆ," ಎಂದರು ಕುಶಲಾ. "ಎಂತದೂ ಕಾಣುವುದಿಲ್ಲವಂತೆ."

"ಅಲ್ಲಿ ಇಲ್ಲ ಆಂಟಿ. ನಾವು ನೋಡಿದ್ದು ಕಳೆದ ವಾರದ ಬೋಟು. ನಮ್ಮದೇ ತಪ್ಪು. ಅವರಿಗೆ ವಾಪಸ್ ದಕ್ಷಿಣಕ್ಕೆ ಹೋಗಲು ಹೇಳಿ, ಈಗಲೇ."

"ಈಗಿನ ಚಿತ್ರದಲ್ಲಿ ಅಳಿಸಿ ಹೋಗಿರಬಹುದಲ್ವಾ? ಸಣ್ಣ ಬೋಟು."

"ಇಲ್ಲ ಆಂಟಿ. ಇದರಲ್ಲಿ ಯಾವುದೂ ಅಳಿಸಿ ಹೋಗುವುದಿಲ್ಲ."

ಆ ಕಡೆ ಅವರು ಯಾರಿಗೋ ತುಳುವಿನಲ್ಲಿ ಹೇಳಿದ್ದು ಕೇಳಿಸಿತು. ಬೋಟುಗಳನ್ನು ತಿರುಗಿಸಲು ಇರಬೇಕು. ಆಮೇಲೆ ಕುಶಲಾ ಮತ್ತೆ ಫೋನಿಗೆ ಬಂದರು.

"ಹಾಗಾದರೆ ಮೊದಲು ನೋಡಿದ್ದನ್ನು ನನಗೆ ಕಳಿಸು ಮಗಾ. ಅದರಲ್ಲಿ ಅವರು ಬರ್ತಾ ಇದ್ದಾರಲ್ಲ."