ರೋಲರ್ ಕುದುರೆಯ ಯಜಮಾನ

ಐರ್ಲೆಂಡಿನ ನೇಸ್ ಎಂಬ ಊರಾಚೆಯ ಕ್ರಿಕೆಟ್ ಕ್ಲಬ್ಬಿನಲ್ಲಿ, ಟೀ ಮೇಜಿನ ಮೇಲ್ಗಡೆ, ಗಿರಿಜಾ ಮೀಸೆಯ ಡೋಲನ್ ಎಂಬುವನ ಫೋಟೋ ಇದೆ. ಹತ್ತೊಂಬತ್ತನೇ ಶತಮಾನದ ಆಸಾಮಿ. ಆಡಿದ್ದು ಒಂದೇ ಒಂದು ಮ್ಯಾಚು. ಮೊದಲನೇ ಬಾಲಿಗೇ ಬೌಲ್ಡ್, ಕೈಗೇ ಬಂದು ಬಿದ್ದ ಕ್ಯಾಚನ್ನೂ ಬಿಟ್ಟ. ಅಲ್ಲಿಗೆ ಮುಗಿಯಿತು ಪುಣ್ಯಾತ್ಮನ ಕ್ರಿಕೆಟ್ಟು. ಇಂಥವನಿಗೂ ಫೋಟೋನಾ ಅಂತ ಎಲ್ಲರೂ ನಗುತ್ತಾರೆ. ಬೆಂಗಳೂರಿನ ಗಯಾಜ್ ಮಾತ್ರ ನಗುವುದಿಲ್ಲ. ಹೇಗೆ ನಕ್ಕಾನು ಹೇಳಿ? ಮೂರನೇ ಟೀಮಿನಲ್ಲಿ ಹನ್ನೊಂದನೆಯವನಾಗಿ ಬ್ಯಾಟು ಹಿಡಿದು ಹೋಗುವುದು, ಗ್ಲೌಸು ಬೆಚ್ಚಗಾಗುವ ಮೊದಲೇ ವಾಪಸಾಗುವುದು, ಇದೇ ಅವನ ಪಾಡು.

ಒಂದು ಶನಿವಾರ, ಟೀ ಬಗ್ಗಿಸುತ್ತಿದ್ದ ಮುದುಕಿ ನೋರಾ ಆ ಕಥೆ ಬಿಚ್ಚಿದಳು. ಪಿಚ್ಚಿನ ರೋಲರ್ ಎಳೆಯುತ್ತಿದ್ದ ಕುದುರೆ ಡೋಲನ್‌ನದು. ಕುದುರೆ ಬೇಕೆಂದರೆ ಯಜಮಾನನನ್ನು ಓಲೈಸಬೇಕಲ್ಲ, ಅದಕ್ಕೇ ಟೀಮಿಗೆ ಸೇರಿಸಿಕೊಂಡರು. ಔಟಾದಾಗ ಎಲ್ಲರೂ ನಕ್ಕರು. ಡೋಲನ್ ಕುದುರೆ ಬಿಚ್ಚಿಕೊಂಡು ಮನೆಗೆ ಹೊರಟುಹೋದ. ರೋಲರ್ ಕಾಣದ ಪಿಚ್ಚಿನಲ್ಲಿ ಆ ಬೇಸಿಗೆಯಿಡೀ ಚೆಂಡು ಎಲ್ಲರ ಮೂಗಿಗೇ ಹಾರಿತು. ಕಡೆಗೆ ಕೈಕಾಲು ಹಿಡಿದು, ಫೋಟೋ ತೂಗುಹಾಕಿ, ಕುದುರೆ ತರಿಸಿಕೊಂಡರು. ಕುದುರೆ ಬಂತು, ಡೋಲನ್ ಬರಲಿಲ್ಲ.

ಗಯಾಜ್‌ನ ಗಂಟಲಲ್ಲಿ ಸಮೋಸಾ ಸಿಕ್ಕಿಕೊಂಡಿತು. ಅದು ಅವನ ಹೆಂಡತಿ ಮೆಹರುನ್ನಿಸಾ ಮಾಡಿದ್ದು. ಆಟದ ನಡುವಿನ ಟೀಗೆ ಆಟಗಾರರೇ ತಿಂಡಿ ತರುವುದು ಇಲ್ಲಿನ ಪದ್ಧತಿ. ಅವಳ ಕೀಮಾ ಸಮೋಸಾ ಅಂದರೆ ಎದುರು ಟೀಮಿನವರೂ ಬಾಯಿಬಾಯಿ ಬಿಡುತ್ತಾರೆ. ಗಯಾಜ್ ಕ್ಯಾಪ್ಟನ್ ಬೆನೆಡಿಕ್ಟ್‌ನನ್ನು ಮೂಲೆಗೆ ಎಳೆದ.

"ನಿಜ ಹೇಳೋ. ನನ್ನನ್ನ ಟೀಮಿಗೆ ಹಾಕ್ಕೊಂಡಿರೋದು ಆಟಕ್ಕಾ, ಸಮೋಸಾಕ್ಕಾ?"

ಮಂಗಳೂರಿನ ಬೆನೆಡಿಕ್ಟ್ ಸುಳ್ಳು ಹೇಳುವವನಲ್ಲ. ಆಕಾಶ ನೋಡಿದ. "ಮಳೆ ಬರೋ ಹಾಗಿದೆ ಮಾರಾಯ," ಅಂದ.

ಗಯಾಜ್‌ಗೆ ಉತ್ತರ ಸಿಕ್ಕಂತಾಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದ: "ಮುಂದಿನ ವಾರ ಸಮೋಸಾ ಬೇಡ. ಬರೀ ಬಿಸ್ಕತ್ತು ತಗೊಂಡು ಹೋಗ್ತೀನಿ. ಟೀಮಲ್ಲಿ ಇಟ್ಕೊಂಡ್ರೆ ನಾನು ಆಟಗಾರ. ಇಲ್ಲಾಂದ್ರೆ ಬ್ಯಾಟು ಅಟ್ಟ ಸೇರುತ್ತೆ."

"ಗ್ರ್ಯಾಂಡ್," ಎಂದು ಇಲ್ಲಿನವರ ಹಾಗೆಯೇ ಒಪ್ಪಿದಳು ಮೆಹರುನ್ನಿಸಾ, ಈರುಳ್ಳಿ ಹೆಚ್ಚುತ್ತಲೇ.

ಶನಿವಾರ ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋದ. ಬೆನೆಡಿಕ್ಟ್ ಪೊಟ್ಟಣ ನೋಡಿದ, ಪಟ್ಟಿ ಓದಿದ. ಟೀಮಿನಲ್ಲಿ ಗಯಾಜ್ ಇದ್ದ, ಯಥಾಪ್ರಕಾರ ಹನ್ನೊಂದನೆಯವನಾಗಿ. ಮೊದಲನೇ ಬಾಲಿಗೇ ಸ್ಟಂಪು ಹಾರಿತು. ಹಾರಲಿ ಬಿಡಿ, ಸಮೋಸಾ ಇಲ್ಲದೆಯೂ ಇಟ್ಟುಕೊಂಡರಲ್ಲ. ಸೆಂಚುರಿ ಬಾರಿಸಿದವನ ಗತ್ತಿನಲ್ಲಿ ಬ್ಯಾಟು ಎತ್ತಿ ತೋರಿಸುತ್ತ ಟೀಗೆ ಬಂದ.

ಮೇಜಿನ ಮೇಲೆ ದೊಡ್ಡ ಸಮೋಸಾ ಡಬ್ಬಿ. ಪಕ್ಕದಲ್ಲಿ ಮೆಹರುನ್ನಿಸಾ.

"ನೀನ್ಯಾಕೆ ಬಂದೆ?"

"ಬೆನೆಡಿಕ್ಟ್ ಬೆಳಗ್ಗೆ ಸಮೋಸಾ ಕೇಳಿ ಫೋನ್ ಮಾಡಿದ್ರು. ನಿಮ್ಮನ್ನ ಆಡಿಸಿದ್ರೆ ಮಾತ್ರ ಡಬ್ಬಿ ಬರುತ್ತೆ ಅಂದೆ."

"ನನ್ನ ಮಾನ ತೆಗೆದೆ ಕಣೆ."

"ಶುಕ್ರವಾರ ಆಯ್ತು ಅಂದ್ರೆ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕ್ತಾ ಹಾಡ್ಕೊಂಡಿರ್ತೀರಾ. ಆ ಹಾಡು ನಿಂತ್ರೆ ಮನೇಲಿ ನಾನು ಹೇಗಿರ್ಲಿ?"

ಗಯಾಜ್‌ನ ಕಣ್ಣು ತುಂಬಿತು. ಖಾರಕ್ಕೆ ಅಂದುಕೊಳ್ಳಲಿ ಎಂದು ಗಬಕ್ಕನೆ ಒಂದು ಸಮೋಸಾ ಬಾಯಿಗೆ ಹಾಕಿಕೊಂಡ. ಗೋಡೆಯ ಮೇಲಿನ ಡೋಲನ್‌ಗೆ ಕುದುರೆಯೇನೋ ಇತ್ತು. ಪಾಪ, ಮನೆಯಲ್ಲಿ ಹೀಗೆ ಹೇಳುವವರು ಇರಲಿಲ್ಲವೇನೋ.

"ಮುಂದಿನ ಶನಿವಾರ ನಾನು ಆಡ್ತೀನಾ?" ಎಂದು ಬೆನೆಡಿಕ್ಟ್‌ನನ್ನು ಕೇಳಿದ.

ಬೆನೆಡಿಕ್ಟ್ ಮೆಹರುನ್ನಿಸಾಳ ಮುಖ ನೋಡಿದ.