ಬಿರುಕಲ್ಲದ ಸದ್ದು

ತಿರುಗಿಸುತ್ತಾ ದನಿ ಮುದ್ರಿಸುತ್ತಿದ್ದ ಹಳೆಯ ಕಾಲದ ಮೇಣದ ಸಿಲಿಂಡರನ್ನು ಮುಟ್ಟದೆ, ಲೇಸರ್ ಬೆಳಕಿನಿಂದಲೇ ಓದಿ ಅದರೊಳಗಿನ ದನಿಯನ್ನು ಹೊರತೆಗೆದಿದ್ದಳು ಕೃಪಾ. ಸಪ್ಪೊರೊದ ಆ ಪ್ರಯೋಗಾಲಯಕ್ಕೆ ಅದನ್ನು ಕೇಳಲೆಂದೇ ಬಂದವರು ಮಿತ್ಸುಕೊ ಸಾನ್, ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನರ ಹಿರಿಯಾಕೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಗ್ಲಿಷ್ ಪಾದ್ರಿಯೊಬ್ಬ ಅವರ ಅಜ್ಜಿಯಿಂದ ಐನು ಭಾಷೆಯಲ್ಲಿ ಕ್ರಿಸ್ತಗೀತೆ ಹಾಡಿಸಿ, ಈ ಮೇಣದಲ್ಲಿ ಹಿಡಿದಿಟ್ಟಿದ್ದ.

ಹಾಡು ಮುಗಿದಾಗ ಮಿತ್ಸುಕೊ ಸಾನ್ ತಲೆಬಾಗಿ "ಅರಿಗಾತೋ" ಎಂದು ಧನ್ಯವಾದ ಹೇಳಿದರು. ಮುಖ ಮಾತ್ರ ಅರಳಲಿಲ್ಲ.

"ದನಿ ಅಜ್ಜಿಯದು. ಹಾಡು ಪೂರ್ತಿ ಪಾದ್ರಿಯದು," ಎಂದರು ಜಪಾನಿಯಲ್ಲಿ. "ನಮ್ಮ ಹೆಂಗಸರು ಮರದ ಪೆಟ್ಟಿಗೆಯ ಮುಚ್ಚಳದ ಸುತ್ತ ಕೂತು, ಅದನ್ನು ತಟ್ಟುತ್ತಾ ಹಾಡುತ್ತಾರೆ. ಪಾದ್ರಿಯ ಎದುರಿಗೂ ಅಜ್ಜಿ ಹಾಗೆಯೇ ಹಾಡಿದ್ದಳೆಂದು ಅಮ್ಮ ಹೇಳುತ್ತಿದ್ದಳು. ಇದರಲ್ಲಿ ತಟ್ಟಿದ ಸದ್ದೇ ಇಲ್ಲ. ಪಾಪ, ಅಮ್ಮನಿಗೆ ಹಾಗೆ ನಂಬಬೇಕೆನಿಸಿತ್ತೇನೋ."

ಕೃಪಾ ಪಕ್ಕದಲ್ಲಿದ್ದ ಸಹೋದ್ಯೋಗಿಯತ್ತ ಬಾಗಿದಳು.

"ಅವಿನಾಶ್, ರೆಕಾರ್ಡಿಂಗ್ ಕ್ಲೀನ್ ಮಾಡೋವಾಗ ಟಕ್ ಟಕ್ ಅಂತ ಬರ್ತಿತ್ತಲ್ಲ?"

"ಅದು ಮೇಣದ ಕ್ರ್ಯಾಕ್ ಕಣೇ. ನೀನೇ ತಾನೇ ಫಿಲ್ಟರ್ ಹಾಕಿದ್ದು?"

"ಕ್ರ್ಯಾಕ್ ಆಗಿದ್ರೆ ಪ್ರತಿ ಸುತ್ತಲ್ಲೂ ಅದೇ ಜಾಗದಲ್ಲಿ ಬರ್ಬೇಕು. ಚೆಕ್ ಮಾಡಿದ್ವಾ?"

"ಇಲ್ಲ," ಎಂದ ಅವನು ಮೆಲ್ಲಗೆ. "ನಮಗೆ ಪಿಎಚ್‌ಡಿ ಕೊಟ್ಟವರನ್ನ ಹಿಡ್ಕೊಂಡು ಬೈಬೇಕು."

ಶುದ್ಧಗೊಳಿಸುವ ಮುಂಚಿನ ಧ್ವನಿಮುದ್ರಣವನ್ನು ಕೃಪಾ ತೆರೆದಳು. ಸಿಲಿಂಡರಿನ ಮೈಯನ್ನು ಚಾಪೆಯಂತೆ ಬಿಡಿಸಿದ ಚಿತ್ರದ ಮೇಲೆ, ಒಂದೊಂದು ಸದ್ದಿಗೂ ಒಂದೊಂದು ಚುಕ್ಕೆ ಇಡುತ್ತಾ ಹೋದಳು. ಬಿರುಕಾಗಿದ್ದರೆ ಚುಕ್ಕೆಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲಬೇಕಿತ್ತು. ಅವು ನಿಲ್ಲಲಿಲ್ಲ. ಸುತ್ತಿನಿಂದ ಸುತ್ತಿಗೆ ಪಕ್ಕಕ್ಕೆ ಸರಿದವು. ಹಾಡಿನ ಸಾಲು ಮುಗಿದಲ್ಲೆಲ್ಲ ಜೋಡಿ ಚುಕ್ಕೆಗಳು.

"ಅವಿನಾಶ್, ಇದು ಕೈ ಕಣೋ. ಕೈ ಸದ್ದು. ನಾವೇ ಅಳಿಸಿಬಿಟ್ಟಿದ್ವಿ."

ಫಿಲ್ಟರ್ ತೆಗೆದು ಹಾಡನ್ನು ಮತ್ತೆ ಹಾಕಿದಳು. ಕೊರಕೊರ ಸದ್ದಿನ ನಡುವೆ ಅಜ್ಜಿಯ ದನಿ ಎದ್ದಿತು. ಅದರಡಿಯಲ್ಲಿ ಮರದ ಮೇಲೆ ಬೀಳುವ ಅಂಗೈಗಳು, ಒಂದಲ್ಲ, ಹಲವು. ಪಾದ್ರಿಯ ರಾಗವನ್ನು ಅವು ತಮ್ಮ ನಡಿಗೆಗೆ ಎಳೆದುಕೊಂಡು ಹೋಗುತ್ತಿದ್ದವು.

ಮಿತ್ಸುಕೊ ಸಾನ್ ಅವರ ಅಂಗೈ ತಾನಾಗಿಯೇ ಮೇಜಿಗೆ ತಾಗಿತು. ಮುಂದಿನ ಪೆಟ್ಟು ಅಜ್ಜಿಯ ಪೆಟ್ಟಿನ ಜೊತೆಗೇ ಬಿತ್ತು.

"ಅಮ್ಮ ಸುಳ್ಳು ಹೇಳಿರಲಿಲ್ಲ," ಎಂದು ಅವರು ಕಣ್ಣೊರೆಸಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ಕೃಪಾಳ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ನಡುವೆ ಇಟ್ಟರು.

"ಇನ್ನೊಮ್ಮೆ ಹಾಕಿ. ನೀವಿಬ್ಬರೂ ಹತ್ತಿರ ಬನ್ನಿ. ಇದು ಒಬ್ಬಳೇ ತಟ್ಟುವಂಥದ್ದಲ್ಲ."