ಖಾಲಿ ಕೈಯ ಗೊಂಬೆ

"ಬಿಡಿ, ಬೆರಳು ಬಿಡಿಸಬೇಡಿ," ಎಂದು ಅಕ್ಕ ಗದರಿದಳು.

ಸತ್ತವಳ ಬಲಗೈ ಬೆರಳುಗಳನ್ನು ಒಂದೊಂದಾಗಿ ನೇರ ಮಾಡಲು ನೋಡುತ್ತಿದ್ದ ಎದುರುಮನೆಯ ದರ್ಜಿ ಹೆಂಗಸು ಬೆಚ್ಚಿ ಕೈ ತೆಗೆದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಏನನ್ನೋ ಹಿಡಿದ ಹಾಗಿದ್ದವು. ಏನನ್ನು ಎಂದು ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ನಾಲ್ಕೆಳೆ ಕೂದಲಿನ ಸಣ್ಣ ಕುಂಚ. ಜೀವಮಾನವೆಲ್ಲ ಗೊಂಬೆಗಳಿಗೆ ಕೈ ಮಾಡಿಕೊಟ್ಟವಳು ಅಕ್ಕ. ಹಿಡಿ ಕಂಡರೆ ಸಾಕು, ಅದರೊಳಗಿನ ವಸ್ತು ತಾನಾಗಿ ಕಾಣುತ್ತಿತ್ತು.

"ಹಾಗೇ ಇರಲಿ. ಅವಳ ಕೈ ಅದು," ಎಂದಳು ಇನ್ನೊಮ್ಮೆ, ಈಗ ಮೆತ್ತಗೆ.

ಬಂದವರು ಮುಖ ಮುಖ ನೋಡಿಕೊಂಡರು. ಎರಡು ಮನೆ ಆಚೆಗಿದ್ದೂ ವರ್ಷದ ಮೇಲಾಯಿತು, ಅಕ್ಕ ಈ ಹೊಸ್ತಿಲು ತುಳಿದವಳಲ್ಲ. ಒಡಹುಟ್ಟಿದ ತಂಗಿಯ ಜೊತೆ ಮಾತು ಬಿಟ್ಟವಳು ಈಗ ಬಂದು ಯಜಮಾನಿಕೆ ಮಾಡುತ್ತಾಳಲ್ಲ ಎಂದು ಎಲ್ಲರಿಗೂ ಅನ್ನಿಸಿತು. ಆದರೆ ಸಾವಿನ ಮನೆಯಲ್ಲಿ ಅದನ್ನು ಆಡಿ ತೋರಿಸುವವರು ಯಾರು?

ಅಕ್ಕ ಗೋಡೆಗೊರಗಿ ಕೂತಳು. ಕಿಟಕಿಯ ಬಿಸಿಲು ನೆಲದ ಮೇಲೆ ಅಲುಗಾಡದೆ ನಿಂತಿತ್ತು, ಒಳಕೋಣೆಯಿಂದ ವಾರ್ನಿಷ್ ವಾಸನೆ ಬರುತ್ತಿತ್ತು. ಜನ ಬರುತ್ತಿದ್ದರು, ಹೋಗುತ್ತಿದ್ದರು. ಅವಳಿಗೆ ಕಾಣುತ್ತಿದ್ದುದು ಕೈಗಳು ಮಾತ್ರ. ಒಂದು ಕೈ ಕೊಡೆ ಕೇಳುತ್ತಿತ್ತು, ಇನ್ನೊಂದು ಬುಟ್ಟಿ ಕೇಳುತ್ತಿತ್ತು. ನೋಡುನೋಡುತ್ತ ಎಲ್ಲರೂ ಅವಳ ಕಣ್ಣಿಗೆ ಗೇಣುದ್ದದ ಗೊಂಬೆಗಳಾದರು. ದರ್ಜಿ ಹೆಂಗಸನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಮೇಲೆ ಒಣಗಲು ಇಡಬಹುದು ಅನ್ನಿಸಿತು. ಆ ಮಂಪರಿನ ನಡುವೆ ಒಂದೇ ಒಂದು ಪ್ರಶ್ನೆ ಅವಳ ಎದೆ ಕೊರೆಯುತ್ತಿತ್ತು. ನಾನು ಕಳಿಸಿದ ಕೊನೆಯ ಗೊಂಬೆಯ ಕೈಗೆ ಇವಳು ಏನಾದರೂ ಕೊಟ್ಟಳೋ, ಖಾಲಿ ಬಿಟ್ಟೇ ಹೋದಳೋ?

*

ಗೊಂಬೆಯ ಮೈ, ಮುಖ, ಕೈಕಾಲು ಅಕ್ಕನದು. ಅದರ ಸಾಮಾನೆಲ್ಲ ತಂಗಿಯದು. ಉಗುರಿನಷ್ಟು ಚಪ್ಪಲಿ, ತಂತಿಯ ಕನ್ನಡಕ, ಕಡಲೆಕಾಳಿನಷ್ಟು ಕೆಟಲು. ಕೈಯಲ್ಲಿ ಏನಿರಬೇಕೆಂದು ಅಕ್ಕ ಹೇಳುವಂತಿಲ್ಲ. ಹಿಡಿ ಮೊದಲು, ಸಾಮಾನು ಆಮೇಲೆ. ತಂಗಿ ಗೊಂಬೆಯನ್ನು ಎದುರಿಗಿಟ್ಟುಕೊಂಡು, ಅದರ ಜೊತೆ ಊಟ ಮಾಡಿ, ಹರಟೆ ಹೊಡೆದು, ಇವಳು ಪೇಟೆಗಲ್ಲ, ಆಸ್ಪತ್ರೆಗೆ ಹೊರಟವಳು ಎಂದು ತೀರ್ಮಾನಿಸಿ ಒಂದು ಪುಟಾಣಿ ಫ್ಲಾಸ್ಕು ಮಾಡುತ್ತಿದ್ದಳು. ಬಣ್ಣ ಒಣಗಿದ ಮೇಲೆ ಅದನ್ನು ಹಳೆಯದು ಮಾಡುವುದೇ ಅವಳ ನಿಜವಾದ ಕಸುಬು. ಹಿಡಿಯುವ ಜಾಗದಲ್ಲಿ ಬಣ್ಣ ಸವೆಸಿ, ಅಂಚಿಗೆ ಟೀ ಸವರಿ, ಕೊನೆಗೆ ತೆಳ್ಳಗೆ ವಾರ್ನಿಷ್ ಕೊಡುತ್ತಿದ್ದಳು.

ಜಗಳ ಹತ್ತಿದ್ದು ಒಂದು ಚಪ್ಪಲಿಯಿಂದ. ಮುದುಕಿ ಗೊಂಬೆಯೊಂದರ ಎಡಗಾಲ ಚಪ್ಪಲಿ ಹಿಮ್ಮಡಿಯಲ್ಲಿ ಒಂದು ಮಗ್ಗುಲಿಗೆ ಸವೆದಿತ್ತು. ಪಾಪ, ತಂಗಿಯ ಕಣ್ಣು ಮಂದವಾಯಿತು ಎಂದುಕೊಂಡು ಅಕ್ಕ ಅದಕ್ಕೆ ಮಣ್ಣು ತುಂಬಿ, ಬಣ್ಣ ಹಚ್ಚಿ ಅಂಗಡಿಗೆ ಕಳಿಸಿಬಿಟ್ಟಳು.

"ಅವಳು ಕುಂಟ್ತಾಳೆ ಅಕ್ಕ," ಎಂದಳು ತಂಗಿ, ಗೊತ್ತಾದ ದಿನ. "ಸೊಂಟ ನೀನೇ ವಾರೆ ಮಾಡಿದ್ದೆ. ಅದನ್ನ ನೋಡೇ ನಾನು ಸವೆಸಿದ್ದು."

"ನನ್ನ ಗೊಂಬೆ ಯಾವುದೂ ಕುಂಟಲ್ಲ."

"ನನ್ನ ಕೆಲಸಕ್ಕೆ ಕೈ ಹಾಕೋ ಮೊದಲು ಒಂದು ಮಾತು ಕೇಳಬಾರದಿತ್ತಾ?"

ಕೇಳಬಹುದಿತ್ತು. ಆದರೆ ಅಕ್ಕನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. "ನಾನು ಕೈ ಮಾಡಿಕೊಡದಿದ್ರೆ ನಿನ್ನ ಸಾಮಾನು ಹಿಡ್ಕೊಳ್ಳೋರು ಯಾರು?" ಎಂದುಬಿಟ್ಟಳು. ತಂಗಿ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದು ಹೋದಳು.

ಅಂದಿನಿಂದ ಗೊಂಬೆಯ ತಟ್ಟೆ ಆ ಮನೆಗೂ ಈ ಮನೆಗೂ ಓಡಾಡಿತು, ಅಕ್ಕತಂಗಿಯರು ಓಡಾಡಲಿಲ್ಲ. ತಟ್ಟೆ ಹೊರುತ್ತಿದ್ದವನು ತಂಗಿಯ ಗಂಡ. ಸಾಧು ಮನುಷ್ಯ; ತಟ್ಟೆಯ ಜೊತೆ ಕಟ್ಟಿದ ಮಾತನ್ನೂ ತರುತ್ತಿದ್ದ. ಅತ್ತಿಗೆಯ ಮಂಡಿನೋವು ಹೇಗಿದೆ ಎಂದು ಹೆಂಡತಿ ವಿಚಾರಿಸಿದಳೆಂದು ಹೇಳುತ್ತಿದ್ದ. ಅಕ್ಕನಿಗೆ ಮಂಡಿನೋವೇ ಇರಲಿಲ್ಲ, ಅದಿದ್ದದ್ದು ಅವನಿಗೆ. ಆದರೂ ಅವಳು ಪ್ರತಿ ಸಲವೂ, ಈಗ ಪರವಾಗಿಲ್ಲ ಎಂದೇ ಹೇಳಿ ಕಳಿಸುತ್ತಿದ್ದಳು.

ಕಳೆದ ತಿಂಗಳು ಅಕ್ಕ ಒಂದು ಗೊಂಬೆ ಮಾಡಿದಳು. ಬಲಗೈ ಮುಂದಕ್ಕೆ ಚಾಚಿತ್ತು, ಬೆರಳುಗಳು ಅರ್ಧ ತೆರೆದಿದ್ದವು. ಕೊಡೆಗೆ ಸಡಿಲ, ಬುಟ್ಟಿಗೆ ಬಿಗಿ. ಯಾವ ಸಾಮಾನೂ ನಿಲ್ಲದ ಹಿಡಿ. ಬೇಕೆಂದೇ ಹಾಗೆ ಮಾಡಿದ್ದಳು. ತಪ್ಪಾಯಿತು ಬಾ ಎನ್ನಲು ನಾಲಿಗೆ ಏಳದವಳು ಅದನ್ನು ತಟ್ಟೆಯಲ್ಲಿಟ್ಟು ಕಳಿಸಿದಳು. ತಂಗಿಗೆ ಅರ್ಥವಾಗದೆ ಇರುವುದಿಲ್ಲ ಎಂದು ದಿನಾ ಬಾಗಿಲು ನೋಡಿದಳು. ತಟ್ಟೆ ವಾಪಸು ಬರಲಿಲ್ಲ. ಇವತ್ತು ಬೆಳಗ್ಗೆ ತಂಗಿಯ ಗಂಡ ಬರಿಗೈಯಲ್ಲಿ ಬಂದು ನಿಂತ. ರಾತ್ರಿ ಮಲಗಿದವಳು ಏಳಲಿಲ್ಲ ಎಂದ.

*

ಗಾಡಿ ಬರಲು ಇನ್ನೂ ಸ್ವಲ್ಪ ಹೊತ್ತಿದೆಯೆಂದು ತಂಗಿಯ ಮಗಳು ಟೀ ತಂದುಕೊಟ್ಟಳು. ಅಕ್ಕ ಲೋಟ ಮುಟ್ಟದೆ, ಆ ಗೊಂಬೆ ಎಲ್ಲಿದೆ ಎಂದು ಕೇಳಿದಳು. ಮಗಳು ಅಪ್ಪನ ಕಡೆ ನೋಡಿದಳು.

ಅವನು ಪಕ್ಕದಲ್ಲಿ ಬಂದು ಕೂತ. ಇಷ್ಟು ದಿನ ಹೆಂಡತಿ ಒಳಕೋಣೆಗೆ ಯಾರನ್ನೂ ಬಿಟ್ಟಿರಲಿಲ್ಲವಂತೆ. ಮಾಡುವುದು, ಮುರಿಯುವುದು, ಮತ್ತೆ ಮಾಡುವುದು. ಏನದು ಎಂದರೆ ಬೈಗುಳ. ನಿನ್ನೆ ಸಂಜೆ ಅದರ ಮೇಲೆ ಬಟ್ಟಲು ಬೋರಲು ಹಾಕಿ, ಹಸಿ ಇದೆ, ಮುಟ್ಟಬೇಡಿ ಎಂದು ಹೇಳಿ ಮಲಗಿದಳಂತೆ.

"ನನ್ನ ಬಗ್ಗೆ ಏನಾದರೂ ಅಂದ್ಲಾ?"

"ಇಲ್ಲ ಅತ್ತಿಗೆ," ಎಂದ ಅವನು. ಎಂದಿನಂತೆ ಒಂದು ಒಳ್ಳೆಯ ಮಾತು ಕಟ್ಟಿ ಹೇಳಲು ಇವತ್ತು ಅವನಲ್ಲಿ ತ್ರಾಣವಿರಲಿಲ್ಲ. "ಒಂದೇ ಒಂದು ಸಲ ಗೊಣಗಿದ್ಲು. ಅಕ್ಕ ಇದನ್ನ ಹೇಗೆ ಮಾಡ್ತಾಳೋ ಮಾರಾಯ್ತಿ, ಅಂತ."

ಅಕ್ಕ ಎದ್ದು ಒಳಗೆ ಹೋದಳು. ಮೇಜಿನ ತುಂಬ ಬಾಟಲಿ ಮುಚ್ಚಳಗಳು, ಅವುಗಳಲ್ಲಿ ಒಣಗಿದ ಬಣ್ಣ. ಗುಂಡುಸೂಜಿಗಳ ತುದಿಯಲ್ಲಿ ಪುಟ್ಟ ಪುಟ್ಟ ಟೊಪ್ಪಿಗಳು. ಬೋರಲು ಬಟ್ಟಲನ್ನು ಎತ್ತಿದಳು.

ಗೊಂಬೆಯ ಕೈಯೊಳಗೆ ಇನ್ನೊಂದು ಕೈ ಇತ್ತು. ಮೈಯಿಲ್ಲ, ಮುಖವಿಲ್ಲ, ಬರೀ ಕೈ. ಮಣಿಕಟ್ಟಿನ ಹತ್ತಿರ ಅಂಗಿಯ ತೋಳಿನ ಅಂಚು ಬಂದು ಅಲ್ಲಿಗೇ ನಿಂತುಹೋಗಿತ್ತು. ಜನ್ಮದಲ್ಲಿ ಒಂದು ಕೈ ಮಾಡಿದವಳಲ್ಲ ತಂಗಿ. ಬೆರಳುಗಳು ಊದಿಕೊಂಡಿದ್ದವು, ಹೆಬ್ಬೆರಳು ತಪ್ಪು ಬದಿಗೆ ಬಂದಿತ್ತು. ಆದರೂ ಆ ಅರ್ಧ ತೆರೆದ ಹಿಡಿಯಲ್ಲಿ ಅದು ಎಳೆಯಷ್ಟೂ ಸಂದಿಲ್ಲದೆ ಕೂತಿತ್ತು. ಹಿಡಿದುಕೊಂಡ ಜಾಗದಲ್ಲಿ ಬಣ್ಣ ಸವೆದಿತ್ತು, ಎಷ್ಟೋ ವರ್ಷದಿಂದ ಹಿಡಿದುಕೊಂಡೇ ಇದ್ದ ಹಾಗೆ.

"ಕೆಟ್ಟದಾಗಿದೆ ಕಣೇ," ಎಂದಳು ಅಕ್ಕ. "ತುಂಬಾ ಕೆಟ್ಟದಾಗಿದೆ." ಬೆಳಗ್ಗೆಯಿಂದ ಒಂದು ಹನಿ ಬಾರದ ಕಣ್ಣು ಆಗ ಧಾರೆಯಾಗಿ ಹರಿಯಿತು. ಅವಳು ದನಿ ತೆಗೆದು ಅತ್ತಳು.

ಅಳುತ್ತಲೇ ಅವಳ ಕೈ ಅಭ್ಯಾಸಬಲದಿಂದ ಮೇಜಿನ ಮೇಲಿದ್ದ ಕೆತ್ತುವ ಚಾಕುವನ್ನು ಎತ್ತಿಕೊಂಡಿತ್ತು. ಹೆಬ್ಬೆರಳನ್ನು ಕಿತ್ತು ಸರಿಯಾದ ಬದಿಗೆ ಕೂರಿಸುವುದು ಅವಳಿಗೆ ಎಷ್ಟರ ಕೆಲಸ? ಚಾಕುವನ್ನು ಕೆಳಗಿಟ್ಟಳು. ತೋರುಬೆರಳಿನ ತುದಿಯಿಂದ ಆ ಹೆಬ್ಬೆರಳನ್ನು ಒಂದು ಸಲ ಮುಟ್ಟಿದಳು. ಅಲ್ಲಿ ವಾರ್ನಿಷ್ ಇನ್ನೂ ಹಸಿಯಾಗಿತ್ತು, ಬೆರಳಿಗೆ ಅಂಟಿತು.

ಗಾಡಿ ಬಂತು. ತಂಗಿಯನ್ನು ಎತ್ತಿದರು. ಬೀದಿಯಲ್ಲಿ ದರ್ಜಿ ಹೆಂಗಸು ಆಸರೆಗೆಂದು ತೋಳು ಹಿಡಿಯಲು ಬಂದಾಗ ಅಕ್ಕ ಅವಳಿಗೆ ಎಡಗೈ ಕೊಟ್ಟಳು. ಬಲಗೈಯನ್ನು ಬಟ್ಟೆಗೆ ತಾಗದಂತೆ, ಯಾರಿಗೂ ತಾಗದಂತೆ ದೂರ ಹಿಡಿದು, ತೋರುಬೆರಳೊಂದನ್ನು ಬಿಡಿಯಾಗಿ ಮೇಲೆತ್ತಿಕೊಂಡು, ಗಾಡಿಯ ಹಿಂದೆ ನಡೆದಳು.